ನಮ್ಮ ಮಾಮಾರ ಎಣ್ಣೆ ಕರ್ರಗಾದ ಪ್ರಸಂಗ

ಓಣಿಯ ಅಂಗಡಿಯಿಂದ ಒಂದು ಸಿವುಡು ಕೊತ್ತಂಬರಿ ತರಲು ಸವಣೂರಿಗೆ ಹೋಗಿ ಬರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅಂಥವರಿಗೆ ನನ್ನ ಸ್ವಂತ ಅಕ್ಕನನ್ನೇ ಕೊಟ್ಟಿದ್ದೇವೆ!

ಅವರೇ ನಮ್ಮ ಮಾಮಾ. ಊರು ಹತ್ತಿಮತ್ತೂರು, ವಯಸ್ಸು ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಮನೆಯ ಮುಂದೆ ಹಳೆಯ ಬಿಳಿ ಕಾರು. ಅಂಗಡಿ ಇರುವುದು ಮನೆಯಿಂದ ನಾಲ್ಕನೇ ಬಾಗಿಲಿಗೆ. ಹಾಗಾದರೆ ಕೊತ್ತಂಬರಿಯನ್ನು ಸವಣೂರಿನಲ್ಲಿ ಕೊಳ್ಳುತ್ತಾರೆಯೇ? ಅದೂ ಇಲ್ಲ. ಸವಣೂರು ಮುಟ್ಟಿ, ಹೊರಳಿ ಬಂದು, ಆ ನಾಲ್ಕನೇ ಬಾಗಿಲಿನಲ್ಲೇ ಕೊಳ್ಳುತ್ತಾರೆ!

"ಇಂಜಿನ್ ಕಾಯೂದ್ರಾಗ ಬಂದ್ ಮಾಡಿದ್ರ ಒಳಗ ನೀರಿನ ಹನಿ ಕುಂಡ್ರತಾವೋ ಅಳಿಯಾ. ಅರ್ಧಮರ್ಧ ಸುಟ್ಟ ಪೆಟ್ರೋಲ್ ಎಣ್ಣ್ಯಾಗ ಇಳೀತೈತಿ. ಎಣ್ಣಿ ಕೆಡತೈತಿ. ಗಾಡಿ ಒಮ್ಮೆ ತಗದ್ರ ಎಣ್ಣಿ ಚಲೋತ್ನಾಗಿ ಕಾಯೂ ಮಟ ಓಡಿಸ್ಬೇಕು" ಎಂದು ನನಗೆ ಪಾಠ ಹೇಳಿದರು.

"ಅಷ್ಟರಾಗ ಅಕ್ಕನ ಒಲಿ ಮ್ಯಾಲಿನ ಸಾರು ಬತ್ತಿ ಹೋಗಿರತೈತಲ್ರಿ ಮಾಮಾ?"

"ಸಾರಿಗೆ ನೀರು ಹಾಕಬಹುದು. ಇಂಜಿನ್ನಿಗೆ ಹಾಕಾಕ ಬರತೈತೇನು?"

ನಮ್ಮೂರು ಶಿಗ್ಗಾವಿಯಲ್ಲಿ ನನ್ನ ಬಾಯಿಗೆ ಎದುರುತ್ತರ ಕೊಡುವವರು ಯಾರೂ ಇಲ್ಲ. ಬೇಕಾದರೆ ಪೇಟೆಯಲ್ಲಿ ಕೇಳಿ ನೋಡಿ. ಆದರೆ ಈ ಮನುಷ್ಯನ ಮುಂದೆ ಮಾತ್ರ ನಾನು ಬಾಯಿ ತೆರೆದುಕೊಂಡು ನಿಂತುಬಿಡುತ್ತೇನೆ. ಒಮ್ಮೆ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದು ಕಾರಿಗೆ ಹತ್ತಿಸಿಕೊಂಡರು. ಎಣ್ಣೆ ಕಾಯಿಸಿಕೊಂಡು ವಾಪಸ್ ಬರುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಹೋಗಲಿ ಎಂದರೆ, ದಾರಿಯಲ್ಲಿ ಅದೇ ಬಸ್ಸು ಎದುರು ಬಂತು, ಮಾಮಾ ಅದಕ್ಕೆ ದಾರಿ ಬಿಟ್ಟು ಕೈ ಬೀಸಿ ಬೇರೆ ಕಳಿಸಿದರು!

ನಿಂತಲ್ಲಿ ಇಂಜಿನ್ ಉರಿಯಬಾರದು ಎನ್ನುವುದು ಅವರ ಎರಡನೆಯ ಶಾಸನ. ಗಾಡಿ ಓಡದಿದ್ದರೂ ಎಣ್ಣೆಯ ಆಯುಷ್ಯ ಓಡುತ್ತಿರುತ್ತದಂತೆ. ಹೀಗಾಗಿ ಪೇಟೆಯಲ್ಲಿ ಪರಿಚಯದವರು ಸಿಕ್ಕರೆ ಮೊದಲು ಕೀಲಿ ತಿರುವಿ ಇಂಜಿನ್ ಬಂದ್ ಮಾಡುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಮೂರನೆಯ ಶಾಸನ ಭಾರದ್ದು. ಹಾನಗಲ್ಲಿನ ಒಂದು ಮದುವೆಗೆ ಹೊರಟಾಗ ದಾರಿಯಲ್ಲಿ ಏರು ಬಂತು. ಮಾಮಾ ಗಾಡಿ ನಿಲ್ಲಿಸಿ ಹಿಂದೆ ತಿರುಗಿ ನನ್ನ ಹೊಟ್ಟೆಯನ್ನೇ ದಿಟ್ಟಿಸಿದರು.

"ಅಳಿಯಾ, ಇಳಿ."

"ಯಾಕ್ರಿ?"

"ಏರಿನ್ಯಾಗ ಎಣ್ಣಿಗೆ ಭಾಳ ತ್ರಾಸ ಆಗತೈತಿ. ಮ್ಯಾಲ ನಿಂದರಸ್ತೇನಿ, ಸಾವಕಾಶ ನಡಕೋಂತ ಬಾ."

ತಲೆಗೆ ಹೊಸ ಜರತಾರಿ ಪಟಗಾ ಸುತ್ತಿಕೊಂಡು ಬಿಸಿಲಲ್ಲಿ ಏರು ಹತ್ತಿದೆ. ನಾನು ಮೇಲೆ ಮುಟ್ಟಿದಾಗ ಮಾಮಾ ಬಾನೆಟ್ ತೆರೆದು ಎಣ್ಣೆಗೆ ಎಷ್ಟು ಸುಸ್ತಾಗಿದೆ ಎಂದು ನೋಡುತ್ತಿದ್ದರು. ನನಗೆ ಎಷ್ಟಾಗಿದೆ ಎಂದು ಯಾರೂ ನೋಡಲಿಲ್ಲ.

ಇದಕ್ಕೆ ಸೇಡು ತೀರಿಸಿಕೊಳ್ಳದಿದ್ದರೆ ನಾನು ನಾನೇ ಅಲ್ಲ! ಇಂಜಿನ್ ಒಳಗಿನ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿ ಇರುತ್ತದಲ್ಲ, ಅದನ್ನು ಮಾಮಾ ದಿನಾ ಬೆಳಿಗ್ಗೆ ಹೊರಗೆಳೆದು ಬಿಳಿ ಅರಿವೆಗೆ ಒರೆಸಿ, ಸೂರ್ಯನಿಗೆ ಹಿಡಿದು ನೋಡುತ್ತಾರೆ. ಜೇನಿನ ಬಣ್ಣ ಕಂಡರೆ ಚಹಾ. ಇಲ್ಲದಿದ್ದರೆ ಚಹಾ ಇಲ್ಲ. ನಾನು ಆ ಅರಿವೆಯ ಒಳಮಡಿಕೆಗೆ ನನ್ನ ತಲೆಗೆ ಹಚ್ಚುವ ಕರಿ ಬಣ್ಣ ಬಳಿದಿಟ್ಟೆ. ಮರುದಿನ ಮಾಮಾ ಕಡ್ಡಿ ಒರೆಸಿದವರು ಕಟ್ಟೆಯ ಮೇಲೆ ಕುಸಿದು ಕುಳಿತರು. ಅಕ್ಕ ಬಂದು ಅರಿವೆ ಮೂಸಿ ನೋಡಿ, ನನ್ನ ತಲೆಯನ್ನೂ ನೋಡಿ, ಕಸಬರಿಗೆ ಕೈಗೆ ತೆಗೆದುಕೊಂಡಳು. ಆಮೇಲಿನದು ಬರೆಯುವುದು ಬೇಡ.

ಈಗ ಹೇಳುವುದೇ ಮುಖ್ಯ ಕಥೆ. ಇಷ್ಟೆಲ್ಲ ಜೋಪಾನ ಮಾಡುವ ಮಾಮಾರ ಎಣ್ಣೆ ಈ ಬೇಸಿಗೆಯಲ್ಲಿ ಖರೇನೇ ಕರ್ರಗಾಯಿತು! ಹೊಸ ಎಣ್ಣೆ ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಎಲ್ಲರ ಕಣ್ಣೂ ನನ್ನ ತಲೆಯ ಮೇಲೆಯೇ. ನಾನು ದೇವರ ಮೇಲೆ ಆಣೆ ಮಾಡಿದೆ, ಮಕ್ಕಳ ಮೇಲೆ ಆಣೆ ಮಾಡಿದೆ. ಯಾರೂ ನಂಬಲಿಲ್ಲ. ಕೊನೆಗೆ ನನ್ನ ಮಾನ ಉಳಿಸಿಕೊಳ್ಳಲು ನಾನೇ ಮಾಮಾರನ್ನು ಹೊರಡಿಸಿಕೊಂಡು ಸವಣೂರಿನ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ.

ಮೇಸ್ತ್ರಿ ಎರಡು ಬೆರಳಿನಲ್ಲಿ ಎಣ್ಣೆ ತಿಕ್ಕಿ ನೋಡಿದ. ಮೂಸಿದ. ಕಿಲೋಮೀಟರಿನ ಅಂಕಿ ನೋಡಿದ. ಮಾಮಾರ ಮುಖ ನೋಡಿದ.

"ಕಾಕಾ, ಇದು ನಿಮ್ಮ ಕೈಯಾಗಿನ ಎಣ್ಣೀನ ಅಲ್ಲ. ನೀರಾಗೇತಿ, ಪೆಟ್ರೋಲ್ ವಾಸನಿ ಹೊಡ್ಯಾಕತ್ತೈತಿ. ಗಾಡಿ ಓಡಿಲ್ಲ, ನಿಂತಲ್ಲೇ ಉರದೈತಿ. ಚಾಲೂ ಮಾಡೂದು, ಬಂದ್ ಬೀಳೂದು, ಒಂದನೇ ಗೇರಿನ್ಯಾಗ ಒದ್ದಾಡೂದು. ಹಿಂಗ ನಡಸಿದ್ರ ಇಂಜಿನ್ ಬಿಚ್ಚಬೇಕಾಗತೈತಿ ನೋಡ್ರಿ."

ಇಂಜಿನ್ ಬಿಚ್ಚುವುದು! ಇಷ್ಟು ವರ್ಷಗಳಲ್ಲಿ ಅದಕ್ಕೆ ನಟ್ಟು ತಿರುವುವ ಒಂದು ಪಾನಾ ಕೂಡ ತಾಗಿಲ್ಲ ಎನ್ನುವುದೇ ಮಾಮಾರ ಜೀವಮಾನದ ಹೆಮ್ಮೆ. ಹೋದಲ್ಲೆಲ್ಲ ಅದನ್ನೇ ಹೇಳುತ್ತಾರೆ. ಮೇಸ್ತ್ರಿಯ ಮಾತು ಕೇಳಿ ಅವರು ಕೂಗಾಡುತ್ತಾರೆ ಎಂದು ನಾನು ಕಾದೆ. ಅವರು ನೆಲ ನೋಡುತ್ತ, "ನಾನ ಉರಿಸೇನಿ. ಎಣ್ಣಿ ಬದ್ಲಿ ಮಾಡು" ಎಂದರು, ಅಷ್ಟೇ.

ನಮಸ್ಕಾರಕ್ಕೂ ಇಂಜಿನ್ ಬಂದ್ ಮಾಡುವವರು ನಿಂತಲ್ಲೇ ಗಾಡಿ ಉರಿಸಿದರೇ? ಬಿಡುತ್ತೇನೆಯೇ ನಾನು? ಒಂದು ವಾರ ಫೋನ್ ಮಾಡಿ ಮಾಡಿ ಕಾಡಿದೆ. "ಮಾಮಾ, ಕಾರಿನ್ಯಾಗ ರೊಟ್ಟಿ ಸುಡಾಕ ಹತ್ತೀರೇನ್ರಿ?" ಎಂದೆ. ಯಾವ ಮಾತಿಗೂ ಎದುರುತ್ತರವಿಲ್ಲ! ಇದರಲ್ಲೇನೋ ಇದೆ ಎಂದು ಒಂದು ದಿನ ಹೇಳದೆ ಕೇಳದೆ ಬೆಳಿಗ್ಗೆಯ ಬಸ್ಸು ಹಿಡಿದು ಹತ್ತಿಮತ್ತೂರಿಗೆ ಹೋಗಿ ಇಳಿದೆ.

ಮನೆಗೆ ಬೀಗ. ಊರ ಹೊರಗಿನ ಅವರ ಹೊಲದ ಕಣದಿಂದ ಇಂಜಿನ್ನಿನ ಗುರುಗುಟ್ಟುವ ಸದ್ದು. ಮೆಲ್ಲಗೆ ಹೋಗಿ ಬಣವೆಯ ಮರೆಯಲ್ಲಿ ನಿಂತು ನೋಡಿದೆ. ಕಾರು ಹೋತದ ಹಾಗೆ ಎರಡು ಸಲ ಜಿಗಿದು ಬಂದ್ ಬಿತ್ತು. ಮತ್ತೆ ಚಾಲೂ ಆಯಿತು, ಮತ್ತೆ ಜಿಗಿಯಿತು. ಮಾಮಾ ಒಳಗಿಲ್ಲ! ಮೊಣಕಾಲು ಹಿಡಿದುಕೊಂಡು ಕಾರಿನ ಪಕ್ಕದಲ್ಲಿ ಕುಂಟುತ್ತ, "ಕ್ಲಚ್ ಸಾವಕಾಶ ಬಿಡ... ಹಾಂ, ಭೇಷ್, ಭೇಷ್!" ಎನ್ನುತ್ತಿದ್ದರು. ಕಾರು ನಿಂತ ಮೇಲೂ ಭೇಷ್ ಎನ್ನುತ್ತಿದ್ದರು.

ಸ್ಟೇರಿಂಗ್ ಹಿಡಿದು ಕುಳಿತವಳು ನಮ್ಮ ಅಕ್ಕ.

ಅರವತ್ತೆಂಟರ ಅಕ್ಕ! ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ. ನನಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಮಾಮಾ ನನ್ನನ್ನು ಕಂಡರು. ಆ ಕಾಲಿನಲ್ಲಿ ಓಡಿ ಬಂದು, ನನ್ನ ಎರಡೂ ಕೈ ಹಿಡಿದುಕೊಂಡರು.

"ಅಳಿಯಾ, ನಿನ್ನ ಕಾಲ ಬೀಳ್ತೇನಿ, ನಗಬ್ಯಾಡ. ಹಿರೇಕೆರೂರಿಗೆ ಮಗಳ ಮನಿಗೆ ತಾನ ಗಾಡಿ ಹೊಡಕೊಂಡು ಹೋಗಬೇಕಂತ ಆಕಿಗೆ ಆಸೆ. ನಿನಗ ಗೊತ್ತಾಗಬಾರ್ದಂತ ಇಲ್ಲಿ ಕಲ್ಯಾಕತ್ತಾಳ. ಸಣ್ಣಾಕಿ ಇದ್ದಾಗ ನಿಮ್ಮಪ್ಪನ ಸೈಕಲ್ ಕಲಿಯಾಕ ಹೋದ್ಲಂತ. ನೀ ಓಣಿ ಹುಡುಗರನ್ನೆಲ್ಲ ಕರಕೊಂಡು ಬಂದು ಚಪ್ಪಾಳಿ ಹೊಡಿಸಿದೆಂತ. ಅವತ್ತ ಇಳದಾಕಿ ಮತ್ತ ಸೈಕಲ್ ಮುಟ್ಟಲಿಲ್ಲಂತ."

ನನಗೆ ಅದು ನೆನಪಿತ್ತು. ಇಷ್ಟು ವರ್ಷ ಅದನ್ನು ನನ್ನ ಒಳ್ಳೆಯ ಚೇಷ್ಟೆಗಳ ಲೆಕ್ಕದಲ್ಲೇ ಇಟ್ಟುಕೊಂಡಿದ್ದೆ.

"ಇಂಜಿನ್ ಹೋಗತೈತಿ ಅಂದನಲ್ರಿ ಮೇಸ್ತ್ರಿ?" ಎಂದೆ.

"ಹೋಗ್ಲಿ. ಬಿಚ್ಚಿಸಿದ್ರಾತು. ಆಕಿ ಗಾಡಿಯಿಂದ ಇಳದ್ಲಂದ್ರ ಮತ್ತ ಹತ್ತೂದಿಲ್ಲೋ ಮಾರಾಯಾ."

ಅಷ್ಟರಲ್ಲಿ ಅಕ್ಕ ನನ್ನನ್ನು ನೋಡಿದಳು. ಸೆರಗು ಹಲ್ಲಿನಿಂದ ಜಾರಿತು. ಒಂದು ಕೈ ಆಗಲೇ ಬಾಗಿಲ ಹಿಡಿಕೆಯ ಮೇಲೆ. ಜೀವಮಾನವಿಡೀ ತಡೆಯದ ನಗುವನ್ನು ಅಂದು ನಾನು ತಡೆದೆ, ನೀವು ನಂಬಬೇಕು! ಹೋಗಿ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ.

"ನಡಿ ಅಕ್ಕಾ."

"ನಗಾಕ ಬಂದೀಯೇನೋ?"

"ಇಲ್ಲ ಅಕ್ಕಾ. ಕುಂಡ್ರಾಕ ಬಂದೇನಿ."

ಅವಳು ಸೆರಗು ಮತ್ತೆ ಕಚ್ಚಿ ಗೇರು ಹಾಕಿದಳು. ಕಾರು ಒಂದೇ ಒಂದು ಸಲ ಜಿಗಿದು, ಹೊರಟೇಬಿಟ್ಟಿತು. ಕಣದ ಸುತ್ತ ಒಂದು ಪೂರ್ತಿ ಸುತ್ತು! ಬಣವೆಯ ಹತ್ತಿರ ನಿಲ್ಲಿಸಿ, ಗೇರು ತೆಗೆದು, ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಗಲ್ಲ ಉಬ್ಬಿಸಿ ಉಸಿರು ಕಟ್ಟಿಕೊಂಡು ಕುಳಿತ ನನ್ನ ಮುಖ ಹೇಗಿತ್ತೋ ಏನೋ, ಅಕ್ಕನಿಗೇ ನಗು ಬಂತು. ಸ್ಟೇರಿಂಗಿನ ಮೇಲೆ ತಲೆಯಿಟ್ಟು, ಹಾರನ್ ಬಾರಿಸಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಕಾರು ನಿಂತಲ್ಲೇ ಗುರುಗುಡುತ್ತಿತ್ತು. ಮಾಮಾ ಕುಂಟುತ್ತ ಬಂದು ಕಿಟಕಿ ಹಿಡಿದು ನಿಂತರು.

"ಮಾಮಾ, ಇಂಜಿನ್ ಬಂದ್ ಮಾಡಂತ ಹೇಳ್ಲೇನ್ರಿ? ಎಣ್ಣಿ ಕೆಡತೈತಿ" ಎಂದೆ.

"ಕೆಟ್ರ ಕೆಡ್ಲಿ, ತಡಿ" ಎಂದರು ಮಾಮಾ, ಅಕ್ಕನನ್ನೇ ನೋಡುತ್ತ. "ಆಕಿ ನಗೂದು ಮುಗೀಲಿ."