ಕಾಕಾರ ರವಿವಾರದ ಪ್ರಗತಿ ವರದಿ

ಇಡೀ ಜಗತ್ತಿನ ವ್ಯಾಪಾರವನ್ನು ಸುಧಾರಿಸಲು ಹೊರಟ ಮನುಷ್ಯರೊಬ್ಬರು ನಮ್ಮ ಮನೆತನದಲ್ಲಿದ್ದಾರೆ. ಜಗತ್ತಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೇ!

ಅವರು ನನ್ನ ಅಪ್ಪನ ಕಿರಿಯ ತಮ್ಮ, ಅಂದರೆ ನನ್ನ ಕಾಕಾ. ಗೋವಾದ ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ವೈರ್‌ಮನ್. ಸುಟ್ಟ ಮೋಟಾರು, ಹಾರಿದ ಫ್ಯೂಜು, ಹತ್ತದ ಟ್ಯೂಬ್‌ಲೈಟು ಇವೆಲ್ಲ ಹೊಟ್ಟೆಪಾಡಿಗೆ. ನಿಜವಾದ ಉದ್ಯೋಗ ಬೇರೆಯೇ ಇದೆ. ಡ್ಯೂಟಿ ಮುಗಿದ ಮೇಲೆ ತಮ್ಮ ಬಾಡಿಗೆ ಕೋಣೆಯಲ್ಲಿ, ಮಡಗಾಂವಿನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್ ಮುಂದೆ ಕುಳಿತು, ಎರಡೇ ಬೆರಳಲ್ಲಿ ಕುಟ್ಟುತ್ತ, ಅವರು ಕ್ರಿಪ್ಟೋ ಪ್ಲಗಿನ್ ತಯಾರಿಸುತ್ತಾರೆ.

"ಹಂಗಂದ್ರ ಏನ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿಬಿಟ್ಟೆ. ಅವತ್ತು ನನ್ನ ಒಲೆಯ ಮೇಲಿನ ಬೇಳೆ ಸೀದುಹೋಯಿತು.

"ಬೋರ್ಡಿಗೆ ಪ್ಲಗ್ ಚುಚ್ಚತೀವಲ್ಲವಾ, ಹಂಗ. ಆನ್‌ಲೈನ್ ಅಂಗಡಿಗೆ ಇದನ್ನ ಚುಚ್ಚಿದ್ರ ಮುಗೀತು. ಗಿರಾಕಿ ಯಾವ ದೇಶದಾಗರ ಇರ್ಲಿ, ಕ್ರಿಪ್ಟೋ ನಾಣ್ಯ ನೆಟ್ಟಗ ಅಂಗಡಿಯವ್ರ ಕೈಯಾಗ! ನಡುವ ಬ್ಯಾಂಕಿಲ್ಲ, ಕಂಪನಿ ಇಲ್ಲ, ಯಾರೂ ಇಲ್ಲ."

ಈ 'ನಡುವ ಯಾರೂ ಇಲ್ಲ' ಎಂಬುದರಲ್ಲೇ ಕಾಕಾರ ಜೀವವಿದೆ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದ ಹೊಸದರಲ್ಲಿ ಕೂಲಿಯಾಳು ಒದಗಿಸುವ ಮುಕಾದಮನೊಬ್ಬನ ಕೈಕೆಳಗೆ ದುಡಿದವರು ಅವರು. ಕೆಲಸ ಇವರದು, ಹೆಸರು ಅವನದು. ಆಗ ಹಿಡಿದ ಹಟ ಇನ್ನೂ ಬಿಟ್ಟಿಲ್ಲ. ಮೀನು ಬೇಕೆಂದರೆ ಪೇಟೆಗೆ ಹೋಗುವುದಿಲ್ಲ, ದೋಣಿ ಬರುವ ತನಕ ದಂಡೆಯಲ್ಲೇ ನಿಲ್ಲುತ್ತಾರೆ. ಹಿಂದೆ ಹೆಣ್ಣಿನ ಕಡೆಯಿಂದ ಮಧ್ಯಸ್ಥರೊಬ್ಬರು ಬಂದಾಗ, "ಆಕಿಗೆ ಮಾತಾಡೂದಿದ್ರ ನನ್ನ ಕೂಡ ನೆಟ್ಟಗ ಮಾತಾಡ್ಲಿ, ನೀವ್ಯಾಕ ನಡುವ?" ಎಂದು ಕೇಳಿ ಚಹಾ ಕೂಡ ಕೊಡದೆ ಕಳಿಸಿದರಂತೆ. ಹುಡುಗಿ ನೆಟ್ಟಗೆ ಮಾತಾಡಲಿಲ್ಲ. ಮಧ್ಯಸ್ಥರು ಮತ್ತೆ ಬರಲಿಲ್ಲ. ಕಾಕಾ ಐವತ್ತು ದಾಟಿದರು!

ನಾನಿರುವುದು ಕಲಂಗುಟ್‌ನಲ್ಲಿ. ಗಂಡ ಹೋಟೆಲೊಂದರ ವ್ಯಾನ್ ಓಡಿಸುತ್ತಾರೆ, ನನ್ನದೊಂದು ಕೌದಿ ಅಂಗಡಿ. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ನಮ್ಮ ಕಡೆಯ ಕೌದಿ ಕಂಡರೆ ಪರದೇಶದವರು ಕರಗಿಹೋಗುತ್ತಾರೆ. ಪ್ರತಿ ರವಿವಾರ ಕಾಕಾ ಮೂರು ಬಸ್ ಬದಲಿಸಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಲ್ಯಾಪ್‌ಟಾಪ್ ಅಕ್ಕಿ ಚೀಲದೊಳಗೆ. ಕಳ್ಳರು ಅಕ್ಕಿ ಮುಟ್ಟುವುದಿಲ್ಲವಂತೆ! ತಾಟಿನ ಮುಂದೆ ಕುಳಿತ ಕಾಕಾ ಊಟಕ್ಕೆ ಕೈ ಹಾಕುವ ಮೊದಲು ವಾರದ ಪ್ರಗತಿ ವರದಿ ಓದಬೇಕು.

"ಈ ವಾರ ರೊಕ್ಕಾ ಕೊಡಾಕ ಒತ್ತೂ ಗುಂಡಿ ಬಣ್ಣ ಬದಲಿ ಮಾಡೇನಿ. ಹೋದ ವಾರ ಸರಿ ಮಾಡಿದ್ದು ಮತ್ತ ಕೆಟ್ಟೈತಿ. ಅದನ್ನ ಸರಿ ಮಾಡಾಕ ಹೋದಾಗ ಬಣ್ಣಾನೂ ಹೋತು."

"ಅಂದ್ರ ಹೋದ ವಾರ ಎಲ್ಲಿದ್ರೋ ಅಲ್ಲೇ ಅದೀರಿ," ಎಂದರು ನನ್ನ ಗಂಡ, ರೊಟ್ಟಿ ಮುರಿಯುತ್ತ.

"ಅಲ್ಲೇ ಅದೇನಿ. ಆದ್ರ ಯಾಕ ಅಲ್ಲೇ ಅದೇನಿ ಅನ್ನೂದು ಈಗ ಗೊತ್ತಾಗೇತಿ!"

ಇದೇ ವರದಿಯನ್ನು ತಮಗೆ ಬಂದ ಇಂಗ್ಲಿಷಿನಲ್ಲಿ ಅಂತರ್ಜಾಲಕ್ಕೂ ಹಾಕುತ್ತಾರೆ. ಏಕೆಂದರೆ ಪ್ಲಗಿನ್ ಓಪನ್ ಸೋರ್ಸ್. ಅವರು ಬರೆದ ಒಂದೊಂದು ಸಾಲೂ ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಪ್ಪು ಹುಡುಕಬಹುದು, ತಿದ್ದಬಹುದು.

"ಬಾಗಲಾ ತಗದಿಟ್ಟೇನವಾ," ಎನ್ನುತ್ತಿದ್ದರು.

"ಯಾರರ ಬಂದಾರೇನ್ರಿ?"

"ಇನ್ನೂ ಇಲ್ಲ. ಆದ್ರ ಬಾಗಲಾ ಅಂತೂ ತಗದೈತಿ."

ಹೋದ ಪ್ರವಾಸಿಗರ ಹಂಗಾಮಿನಲ್ಲಿ ಆ ಪ್ಲಗಿನ್ನನ್ನು ನನ್ನ ಅಂಗಡಿಯ ಆನ್‌ಲೈನ್ ಪುಟಕ್ಕೇ ಚುಚ್ಚಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಒಂದು ದಿನ ಪರದೇಶದ ಅಜ್ಜಿಯೊಬ್ಬರು ಅಂಗಡಿಗೆ ಬಂದು ಕೆಂಪು ಕೌದಿ ಆರಿಸಿದರು. ಫೋನಿನಲ್ಲಿ ನಮ್ಮ ಪುಟ ತೆರೆದು, ಕ್ರಿಪ್ಟೋ ಗುಂಡಿ ಕಂಡು, ಕೈ ತಟ್ಟಿದರು. ಕಾಕಾ ಅಲ್ಲೇ ಇದ್ದರು. ಅವರ ಮುಖ ನೀವು ನೋಡಬೇಕಿತ್ತು! ಆದರೆ ಈ ನಾಣ್ಯದ ಬೆಲೆ ನಿಮಿಷಕ್ಕೊಮ್ಮೆ ಏರಿಳಿಯುವಂಥದ್ದು. ಅಜ್ಜಿ ಕನ್ನಡಕ ಹುಡುಕುವಷ್ಟರಲ್ಲಿ ಕೌದಿ ತುಟ್ಟಿಯಾಯಿತು, ಹಾಕಿಕೊಳ್ಳುವಷ್ಟರಲ್ಲಿ ಅಗ್ಗವಾಯಿತು. ಇನ್ನೂ ಇಳಿದೀತೆಂದು ಅವರು ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಎರಡು ಕಪ್ ಚಹಾ ಕುಡಿದರು, ಮೊಮ್ಮಕ್ಕಳ ಫೋಟೋ ತೋರಿಸಿದರು, ಕೊನೆಗೆ ಪರ್ಸಿನಿಂದ ನೋಟು ತೆಗೆದು ಕೊಟ್ಟು ಕೌದಿ ಎತ್ತಿಕೊಂಡು ನಡೆದರು.

ಆ ವಾರದ ವರದಿ: 'ಗಿರಾಕಿಯೊಬ್ಬರು ಗುಂಡಿಯನ್ನು ನೋಡಿದರು. ಇದು ದೊಡ್ಡ ಪ್ರಗತಿ.'

ಮಳೆಗಾಲ ಹಿಡಿದ ಮೇಲೆ ಒಂದು ರವಿವಾರ ಕಾಕಾ ಪೇಢೆ ತಂದರು. ಮುಖವೆಲ್ಲ ನಗು.

"ಒಬ್ರು ಬಂದಾರವಾ!"

"ಯಾರ್ರಿ?"

"ಪರದೇಶದವ್ರು. ನಾ ಬರದದ್ದನ್ನ ಪೂರಾ ಓದಿ ಮೂರು ತಪ್ಪು ಹುಡುಕ್ಯಾರ. ಭಾಳ ಸಿಟ್ಟಿನ ಮನಷ್ಯಾ. ಆದ್ರ ಕಣ್ಣು ಚುರುಕು."

ಅಲ್ಲಿಂದ ಮುಂದೆ ಪ್ರತಿ ವರದಿಯಲ್ಲೂ ಅವರದೇ ಸುದ್ದಿ. ಅವರು ತಪ್ಪು ತೋರಿಸಿದರು, ಇವರು ತಿದ್ದಿದರು. ಗುಂಡಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಇಬ್ಬರಿಗೂ ಜಗಳವಾಗಿ, ಎರಡು ವಾರ ಮಾತೇ ಇರಲಿಲ್ಲವೆಂದರೆ ನಂಬುತ್ತೀರಾ?

"ಕಡೀಕ ಯಾರು ಗೆದ್ರಿ?" ಎಂದು ಗಂಡ ಕೇಳಿದರು.

"ಅವರ ಗೆದ್ರು. ಅವರು ಹೇಳಿದ್ದ ಖರೇ ಇತ್ತು."

"ಒಮ್ಮಿ ಗೋವಾಕ್ಕ ಕರೀರಲ್ಲ ಅವರನ್ನ. ನಮ್ಮ ರೊಟ್ಟಿ ರುಚಿ ತೋರ್ಸೂಣು."

"ಅವರಿಗೆ ಪುರಸೊತ್ತಿರೂದಿಲ್ಲ," ಎಂದು ಕಾಕಾ ಮಜ್ಜಿಗೆ ಲೋಟ ಎತ್ತಿದರು.

ಒಂದು ರವಿವಾರ ಕಾಕಾ ಬರಲಿಲ್ಲ. ಫೋನೂ ಎತ್ತಲಿಲ್ಲ. ಗಂಡನಿಗೆ ಡ್ಯೂಟಿ ಇತ್ತು. ನಾನೊಬ್ಬಳೇ ಮೂರು ಬಸ್ ಬದಲಿಸಿ ಕುಂಕಳ್ಳಿಗೆ ಹೋದೆ. ಹೋಗುವಾಗ ಹೊಳೆಯಿತು: ಇಷ್ಟು ವರ್ಷಗಳಲ್ಲಿ ನಾನು ಅವರ ಕೋಣೆಗೆ ಹೋದದ್ದೇ ಇಲ್ಲ! ಹೋಗುವ ಅಗತ್ಯವೇನಿತ್ತು? ಅವರೇ ಬರುತ್ತಿದ್ದರಲ್ಲ.

ಕಾಕಾ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ಮೈ ಕೆಂಡದಂತೆ ಸುಡುತ್ತಿತ್ತು. "ಏನಿಲ್ಲವಾ, ಜ್ವರ," ಎಂದು ಮತ್ತೆ ಮಲಗಿದರು. ಕೋಣೆಯಲ್ಲಿ ಒಂದು ಕುರ್ಚಿ, ಒಂದು ತಾಟು, ಒಂದು ಲೋಟ. ಮಾತ್ರೆ ನುಂಗಿಸಿ, ಒದ್ದೆ ಬಟ್ಟೆ ಹಣೆಗಿಟ್ಟು, ಗಂಜಿಗೆ ಇಟ್ಟೆ. ಅವರಿಗೆ ನಿದ್ದೆ ಹತ್ತಿತು.

ಲ್ಯಾಪ್‌ಟಾಪ್ ತೆರೆದೇ ಇತ್ತು. ಎತ್ತಿಡಲು ಹೋದವಳು ಪರದೆ ನೋಡಿದೆ. ಪ್ಲಗಿನ್ನಿನ ಪುಟ. ಕಾಕಾ ಮತ್ತು ಆ ಪರದೇಶದವರು ಬರೆದುಕೊಂಡದ್ದೆಲ್ಲ ಒಂದರ ಕೆಳಗೊಂದು ಇತ್ತು. ಮೂರು ತಪ್ಪುಗಳು, ಎಡ ಬಲದ ಜಗಳ, ರಾಜಿ. ಅವರಿಬ್ಬರನ್ನು ಬಿಟ್ಟರೆ ಆ ಪುಟದಲ್ಲಿ ಮೂರನೆಯ ಹೆಸರೇ ಇಲ್ಲ. ಎಲ್ಲದರ ಕೆಳಗೆ, ಇನ್ನೂ ಕಳಿಸದ ಒಂದು ಸಾಲು ಇಂಗ್ಲಿಷಿನಲ್ಲಿ ಹಾಗೇ ಉಳಿದಿತ್ತು: 'ಎರಡು ದಿನದಿಂದ ನಿಮ್ಮ ಸುದ್ದಿಯಿಲ್ಲ. ಆರೋಗ್ಯವಾಗಿದ್ದೀರಾ?'

ಬರೆಯುತ್ತಿದ್ದವರ ಹೆಸರು ಪಕ್ಕದಲ್ಲಿತ್ತು. ಅದು ಪರದೇಶದವರ ಹೆಸರು. ಆದರೆ ಬರೆಯುತ್ತಿದ್ದದ್ದು ಕಾಕಾರ ಲ್ಯಾಪ್‌ಟಾಪಿನಲ್ಲಿ, ಕಾಕಾರ ಕೋಣೆಯಲ್ಲಿ, ಕಾಕಾರದೇ ಬೆರಳಿನಿಂದ.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಲೆಯ ಕಡೆ ತಿರುಗಿ ನಿಂತೆ. ಎಷ್ಟು ನಕ್ಕಿದ್ದೆವು ನಾವು, ಎರಡು ವಾರ ಮಾತು ಬಿಟ್ಟ ಆ ಇಬ್ಬರ ಕತೆ ಕೇಳಿ!

ಗಂಜಿ ಕುದಿಯುವಷ್ಟರಲ್ಲಿ ನನ್ನ ಫೋನಿನಲ್ಲಿ ಆ ಪುಟ ತೆರೆದು ಹೊಸ ಖಾತೆ ಮಾಡಿಕೊಂಡೆ. ಏನು ಬರೆಯಲಿ? ಹೊಗಳಿದರೆ ಬರಿಯ ಸಮಾಧಾನಕ್ಕೆಂದು ಗೊತ್ತಾಗಿಬಿಡುತ್ತದೆ. ಕನಿಕರವಂತೂ ಕೂಡದು. ಹಂಗಾಮಿನ ಸಮಯದಿಂದಲೂ ನನ್ನ ಪುಟದಲ್ಲಿ ಒಂದು ತೊಂದರೆ ಇತ್ತು. ಬೇಜಾರು ಮಾಡಿಕೊಂಡಾರೆಂದು ಹೇಳಿರಲಿಲ್ಲ. ಅದನ್ನೇ ಬರೆದೆ: 'ಕೌದಿ ಹೆಸರು ಕನ್ನಡದಾಗ ಹಾಕಿದ್ರ ನಿಮ್ಮ ಗುಂಡಿ ಮ್ಯಾಲೆ ಅಕ್ಷರ ಒಡದು ಬರೇ ಚೌಕ ಕಾಣಸ್ತಾವ. ಲಗೂನ ಸರಿ ಮಾಡ್ರಿ.'

ಸಂಜೆ ಬೆವರಿ ಜ್ವರ ಇಳಿಯಿತು. ಕಾಕಾ ಎದ್ದು ಕುಳಿತು, ಅರ್ಧ ಗಂಜಿ ಕುಡಿದು, ಲ್ಯಾಪ್‌ಟಾಪ್ ಎಳೆದುಕೊಂಡರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದು ಖರೇ ತಪ್ಪೈತಿ," ಎಂದರು. ಆಮೇಲೆ ಬಹಳ ಮೆಲ್ಲಗೆ, ತಮ್ಮಷ್ಟಕ್ಕೆ ಎಂಬಂತೆ ಅಂದರು, "ಇದನ್ನ... ಇದನ್ನ ನಾ ಬರದಿಲ್ಲ."

"ಇಲ್ರಿ ಕಾಕಾ. ಇದನ್ನ ನೀವು ಬರದಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಬಗ್ಗಿ ಉತ್ತರ ಬರೆಯತೊಡಗಿದರು. ಒಂದೊಂದೇ ಕನ್ನಡ ಅಕ್ಷರ ಹುಡುಕಿ ಹುಡುಕಿ, ಅವರಿಗೆ ಬಹಳ ಹೊತ್ತಾಯಿತು. ನಾನು ಪಕ್ಕದಲ್ಲೇ ಲೋಟ ಹಿಡಿದು ಕುಳಿತಿದ್ದೆ. ಕೊನೆಗೊಮ್ಮೆ ನನ್ನ ಮಡಿಲಲ್ಲಿದ್ದ ಫೋನು ಟಿಣ್ಣೆಂದಿತು.

'ನೀವು ಬಂದದ್ದು ಭಾಳ ಚಲೋ ಆತ್ರಿ.'