ರಟ್ಟಿನ ಗಾಳಕ್ಕೆ ಬಿದ್ದವರು

ನಮ್ಮ ಮನೆಗೆ ಬಂದ ಯಾವ ಸಾಮಾನೂ ಅದನ್ನು ಮಾಡಿದವರು ಹೇಳಿದ ಕೆಲಸ ಮಾಡಿಕೊಂಡು ಉಳಿದದ್ದಿಲ್ಲ. ವ್ಯಾಯಾಮದ ಸೈಕಲ್ ಮೇಲೆ ಟವೆಲ್ ಒಣಗುತ್ತದೆ. ಕೇಕ್ ಮಾಡುವ ಓವನ್ನಿನೊಳಗೆ ಅತ್ತೆಯ ಹಪ್ಪಳದ ಡಬ್ಬಿ ಇದೆ. ಹೀಗಿರುವಾಗ ನನ್ನ ತಮ್ಮ ಅಂಧೇರಿಯಿಂದ ರಟ್ಟಿನ ಕಟ್ಟೊಂದನ್ನು ಹೊತ್ತುಕೊಂಡು ಮುಲುಂಡಿನ ನಮ್ಮ ಮನೆಗೇ ಬಂದದ್ದು ಅವನ ಗ್ರಹಚಾರ.

ಅವನು ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿಯಲ್ಲಿದ್ದಾನೆ. ಈ ರಟ್ಟು ಅವನದೇ ತಲೆಯಿಂದ ಹುಟ್ಟಿದ್ದು. ಹಾಳೆಯಿಂದ ತುಂಡುಗಳನ್ನು ಬಿಡಿಸಿ, ಮಡಿಸಿ, ಸಿಕ್ಕಿಸಿ, ದಾರ ಕಟ್ಟಿ ನಾವೇ ಒಂದು ಗಾಳ ಮಾಡಿಕೊಳ್ಳಬೇಕು. ಹಿಡಿಕೆಯೊಳಗೆ ಗೇಮಿನ ರಿಮೋಟ್ ತುರುಕಿದರೆ ಟೀವಿಯ ಸಮುದ್ರದಲ್ಲಿ ಮೀನು ಸಿಗುತ್ತದೆ. ಸಿಕ್ಕಿದ ಮೀನನ್ನು ಬುಟ್ಟಿಗೆ ಹಾಕಲು ಒಂದು ಗುಂಡಿ, ನೀರಿಗೆ ಬಿಡಲು ಇನ್ನೊಂದು.

"ಅಕ್ಕ, ಐದು ಮನೆಗೆ ಕೊಟ್ಟು ನೋಡುತ್ತಿದ್ದೇವೆ. ತಿಂಗಳಾದ ಮೇಲೆ ನಮ್ಮ ಮೇಡಂ ಬರುತ್ತಾರೆ. ಮನೆಯವರೆಲ್ಲ ಸೇರಿ ಆಡಿದ್ದಾರೆ ಅಂತ ಕಂಡರೆ ಇದು ಅಂಗಡಿಗೆ ಹೋಗುತ್ತದೆ. ಇಲ್ಲದಿದ್ದರೆ ನನ್ನನ್ನು ಮತ್ತೆ ರಮ್ಮಿಯ ಜಾಹೀರಾತು ಮಾಡಲು ಕೂರಿಸುತ್ತಾರೆ. ಆ ದಿನ ನೀನೊಬ್ಬಳು ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ."

"ನನ್ನ ಬಾಯಿಯ ಚಿಂತೆ ಬಿಡು. ನಿನ್ನ ರಟ್ಟು ತಿಂಗಳು ಬಾಳುತ್ತದಾ ನೋಡು" ಎಂದೆ.

ಪಾರ್ಸೆಲ್ ಕೈ

ನನ್ನ ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಪಾರ್ಸೆಲ್ ಕೌಂಟರ್ ನೋಡಿಕೊಳ್ಳುತ್ತಾರೆ. ಗಿರಾಕಿಯ ಮುಖ ನೋಡುತ್ತ, ಫೋನಿನಲ್ಲಿ ಆರ್ಡರ್ ಕೇಳುತ್ತ, ಕೈ ಮಾತ್ರ ತನ್ನಷ್ಟಕ್ಕೆ ಡಬ್ಬ ಮಡಿಸುತ್ತಿರುತ್ತದೆ. ಗಾಳ ಮಡಿಸುವ ಕ್ರಮ ಟೀವಿಯಲ್ಲಿ ಒಂದೊಂದಾಗಿ ಬರುತ್ತಿತ್ತು. ಮಗಳು ಅದನ್ನು ನೋಡುತ್ತಿದ್ದಳು.

"ರಟ್ಟು ಮಡಿಸುವುದನ್ನು ನನಗೆ ಟೀವಿ ಕಲಿಸಬೇಕಾ? ಕೊಡಿ ಇಲ್ಲಿ" ಎಂದರು ಇವರು.

ನಾನು ಚಹಾ ಸೋಸಿ ತರುವಷ್ಟರಲ್ಲಿ ಕೆಲಸ ಮುಗಿದಿತ್ತು. ನೆಲದ ಮೇಲೆ ಮುಚ್ಚಳವಿದ್ದ ಚೊಕ್ಕವಾದ ಮೂರು ಮಿಠಾಯಿ ಡಬ್ಬಗಳು. ತಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ ತಲೆ ಹಿಡಿದುಕೊಂಡ. "ಭಾವ, ಗಾಳ ಎಲ್ಲಿ?"

"ಗಾಳದ ವಿಷಯ ಗೊತ್ತಿಲ್ಲ. ಆದರೆ ಇದರಲ್ಲಿ ಸಾಂಬಾರು ಕಟ್ಟಿ ಕಳಿಸಿದರೂ ತೊಟ್ಟು ಸೋರುವುದಿಲ್ಲ, ಗ್ಯಾರಂಟಿ!"

ಕಿವಿರು ಎತ್ತು

ಡಬ್ಬಗಳನ್ನೆಲ್ಲ ಬಿಚ್ಚಿ ನಾನೂ ಮಗಳೂ ಮತ್ತೆ ಮಡಿಸಿ ಗಾಳ ಮಾಡಿದೆವು. ಮಗಳು ಮೊದಲ ಮೀನು ಎಳೆದು "ಅಜ್ಜೀ, ದೇಖೋ!" ಎಂದು ಕುಣಿದಳು.

ಅತ್ತೆ ಮದುವೆಯಾಗಿ ಮುಂಬೈಗೆ ಬರುವ ಮೊದಲು ಮಲ್ಪೆಯಲ್ಲಿ ಮೀನು ಮಾರಿದವರು. ಕನ್ನಡಕ ಹಾಕಿಕೊಂಡು ಟೀವಿಯ ಹತ್ತಿರ ಹೋದರು.

"ಕಣ್ಣು ನೋಡು, ಕೆಂಪಾಗಿದೆ. ಹಳೆಯ ಮೀನು. ಕಿವಿರು ಎತ್ತಿ ತೋರಿಸು."

"ಅಜ್ಜಿ, ಗೇಮಿನಲ್ಲಿ ಕಿವಿರು ಎತ್ತುವುದಕ್ಕೆ ಆಗುವುದಿಲ್ಲ."

"ಕಿವಿರು ತೋರಿಸದವನ ಹತ್ತಿರ ಮೀನು ತೆಗೆದುಕೊಳ್ಳಬಾರದು. ಬಿಡು ನೀರಿಗೆ!"

ಬಿಟ್ಟಳು. ಮುಂದಿನದಕ್ಕೆ ಹೊಟ್ಟೆ ಮೆತ್ತಗಿತ್ತಂತೆ. ಅದರ ಮುಂದಿನದಕ್ಕೆ ಬಣ್ಣ ಬಳಿದಿದ್ದರಂತೆ. ಕೊನೆಗೆ "ನಿನಗೆ ಗೊತ್ತಾಗುವುದಿಲ್ಲ, ಕೊಡು" ಎಂದು ಗಾಳವನ್ನೇ ಕಿತ್ತುಕೊಂಡು ಸೋಫಾದ ಮೇಲೆ ಕೂತರು. ಸಂಜೆಯಾಗುವಾಗ ದೊಡ್ಡ ಅಂಜಲ್ ಮೀನೊಂದು ಬಿತ್ತು. ಅತ್ತೆಯ ಮುಖ ಅರಳಿತು.

"ಬುಟ್ಟಿಗೆ ಹಾಕು ಅಜ್ಜಿ, ಬೇಗ!"

"ತಡಿ ಮಗಾ, ರೇಟು ಕೇಳದೆ ಹಾಕಿಕೊಳ್ಳುವುದಾ?"

ಅಂಜಲ್ ತಪ್ಪಿಸಿಕೊಂಡು ಹೋಯಿತು.

ಜುಲೈ ತಿಂಗಳ ಪರೀಕ್ಷೆ

ಮಳೆ ಹಿಡಿಯಿತು. ಉಪ್ಪು ನೀರಾಯಿತು, ಬಿಸ್ಕತ್ತು ಬಟ್ಟೆಯಾಯಿತು, ಗಾಳ ಬಾಳೆಹಣ್ಣಿನ ಹಾಗೆ ಬಾಗಿತು. ತಮ್ಮನಿಗೆ ಫೋನ್ ಮಾಡಿದೆ.

"ನೀರು ಬಿತ್ತಾ ಅಕ್ಕ?"

"ನೀರೇನೂ ಬಿದ್ದಿಲ್ಲ, ಗಾಳಿಗೇ ಹೀಗಾಗಿದೆ. ನಿಮ್ಮ ಆಫೀಸಿನಲ್ಲಿ ವರ್ಷವಿಡೀ ಏಸಿ, ಅಲ್ಲಿ ಮಳೆಗಾಲ ಬರುವುದಿಲ್ಲ. ನಮ್ಮಲ್ಲಿ ಬರುತ್ತದೆ."

ಅತ್ತೆ ಗಾಳವನ್ನು ಹಪ್ಪಳದ ಜೊತೆ ಓವನ್ನಿನ ಹದ ಕಾವಿನಲ್ಲಿ ಒಣಗಿಸಿದರು. ಅಂದರೆ ಅದನ್ನು ಕೊಂಡ ಮೇಲೆ ನಮ್ಮ ಓವನ್ ಮೊದಲ ಸಲ ಬಿಸಿಯಾಯಿತು. ಇವರು ಹೋಟೆಲಿನ ಬೆಳ್ಳಿ ಕಾಗದ ತಂದು, ಹಿಡಿಕೆಯೊಂದನ್ನು ಬಿಟ್ಟು ಉಳಿದದ್ದನ್ನು ರೋಟಿ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿದರು. ಗಾಳ ಗಟ್ಟಿಯಾಯಿತು. ಮಗಳು ಮೂಸಿ ನೋಡಿ, "ಪಪ್ಪಾ, ಇದರ ಜೊತೆ ಚಟ್ನಿ ಇಲ್ಲವಾ?" ಎಂದಳು.

ಎದುರುಮನೆಯ ಬಾ

ಎದುರುಮನೆಯವರು ಈರುಳ್ಳಿಯನ್ನೂ ಮುಟ್ಟದ ಗುಜರಾತಿಗಳು. ಅವರ ಮನೆಯ ಅಜ್ಜಿಯನ್ನು ಇಡೀ ಬಿಲ್ಡಿಂಗ್ 'ಬಾ', ಅಂದರೆ ಅವರ ಭಾಷೆಯಲ್ಲಿ ಅಮ್ಮ, ಎಂದೇ ಕರೆಯುತ್ತದೆ. ಬಾ ಅವರ ಮೊಮ್ಮಗಳು ಒಂದು ಸಂಜೆ ನಮ್ಮಲ್ಲಿ ಆಡಿ, ಮನೆಗೆ ಹೋಗಿ, "ಇವತ್ತು ನಾನು ಮೀನು ಹಿಡಿದೆ" ಎಂದು ಹೇಳಿದ್ದಾಳೆ. ಬಾ ಬೆಲ್ ಒತ್ತಿದವರು ಬೆರಳನ್ನು ತೆಗೆಯಲೇ ಇಲ್ಲ.

ನಾನು ಅವರನ್ನು ಟೀವಿಯ ಮುಂದೆ ಕೂರಿಸಿದೆ. ಅತ್ತೆ ಮೀನು ಎಳೆದರು, ನೋಡಿದರು, "ಛೀ, ಹಳಸಿದ್ದು" ಎಂದು ನೀರಿಗೆ ಬಿಟ್ಟರು. ಇನ್ನೊಂದು ಎಳೆದರು, ಬಿಟ್ಟರು.

ಬಾ ಅವರ ಕಣ್ಣು ತುಂಬಿ ಬಂತು. "ಅರೆ ಬೆಹೆನ್, ನೀವು ಮೀನು ತಿನ್ನುವವರಾದರೂ ಎಲ್ಲವನ್ನೂ ಬಿಟ್ಟುಬಿಡುತ್ತೀರಾ! ಎಂಥ ಪುಣ್ಯ!"

ಮರುದಿನದಿಂದ ಬಾ ದೇವರ ಪೂಜೆ ಮುಗಿಸಿ ಸೀದಾ ನಮ್ಮಲ್ಲಿಗೆ ಬರತೊಡಗಿದರು. ಅತ್ತೆ ಹಿಡಿಯುವುದು, ಬಾ ಬಿಡುವುದು. ಅತ್ತೆಯ ಕನ್ನಡ ಅವರಿಗೆ ಬಾರದು, ಅವರ ಗುಜರಾತಿ ಅತ್ತೆಗೆ ಬಾರದು. ಹಾಗಾಗಿ ಒಂದು ದಿನವೂ ಜಗಳವಾಗಲಿಲ್ಲ.

ಮೇಡಂ ಬಂದರು

ಮೇಡಂ ಬಂದರು. ಹಿಂದೆಯೇ ತಮ್ಮ, ಪರೀಕ್ಷೆಗೆ ಬಂದ ಹುಡುಗನ ಮುಖ ಹೊತ್ತುಕೊಂಡು. ಮೇಡಂ ಗೇಮ್ ತೆರೆದು ಬುಟ್ಟಿ ನೋಡಿದರು. ಸೊನ್ನೆ.

"ತಿಂಗಳಿಡೀ ಒಂದು ಮೀನೂ ಇಲ್ಲ. ನೀವು ಇದನ್ನು ಆಡಿಯೇ ಇಲ್ಲ" ಎಂದರು. ತಮ್ಮನ ಮುಖದಲ್ಲಿ ರಮ್ಮಿಯ ಎಲೆಗಳು ಕಾಣಿಸತೊಡಗಿದವು.

ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ಗಾಳವನ್ನು ಅವರ ಕೈಗೆ ಕೊಟ್ಟೆ. "ಬುಟ್ಟಿ ನೋಡಬೇಡಿ ಮೇಡಂ, ಹಿಡಿಕೆ ನೋಡಿ. ಎಣ್ಣೆ ಕೈ ಹತ್ತಿ ಕಪ್ಪಾಗಿದೆ, ಅಂಚು ಸವೆದಿದೆ, ದಾರ ತುಂಡಾಗಿ ನನ್ನ ಅತ್ತೆಯ ಹೂ ಕಟ್ಟುವ ನೂಲು ಬಂದಿದೆ. ಆಡದ ಗಾಳ ಹೀಗಿರುತ್ತದಾ?"

ಅಷ್ಟರಲ್ಲಿ ಬೆಲ್ ಆಯಿತು. ಬಾ. ಯಾರು ಬಂದಿದ್ದಾರೆ ಎಂದೂ ನೋಡದೆ ತಮ್ಮ ಮಾಮೂಲಿ ಜಾಗದಲ್ಲಿ ಕೂತರು. ಗಾಳ ಮೇಡಂ ಕೈಯಲ್ಲೇ ಇತ್ತು, ಮೀನು ಬಿತ್ತು.

"ಕಿವಿರು ಎತ್ತು!" ಎಂದರು ಅತ್ತೆ.

"ಛೋಡ್ ದೋ ಬೇಟಾ, ಛೋಡ್ ದೋ!" ಎಂದರು ಬಾ.

ಹೆದರಿದ ಮೇಡಂ ಮೀನು ಬಿಟ್ಟರು. ಇಬ್ಬರು ಅಜ್ಜಿಯರೂ "ಶಾಬಾಸ್" ಎಂದರು. ಮೇಡಂ ನಕ್ಕು ಇನ್ನೊಂದು ಎಳೆದರು. ಆಮೇಲೆ ಮತ್ತೂ ಒಂದು. ಅವರಿಗೆ ಚಹಾ ಎರಡು ಸಲ ಬಿಸಿ ಮಾಡಿಕೊಟ್ಟೆ. ಹೊರಡುವಾಗ ಮಗಳನ್ನು ಕೇಳಿದರು, "ನಿನಗೆ ಇದನ್ನು ಮತ್ತೆ ಆಡಬೇಕು ಅನಿಸುತ್ತದಾ?"

"ಮತ್ತೆ ಎಲ್ಲಿಂದ ಆಂಟಿ? ನನ್ನ ಪಾಳಿ ಬರುವುದೇ ಇಲ್ಲ!"

ಮಾರನೆಯ ವಾರ ತಮ್ಮ ಫೋನಿನಲ್ಲಿ ಕುಣಿಯುತ್ತಿದ್ದ. "ಪಾಸ್ ಅಕ್ಕ! ಅಂಗಡಿಗೆ ಹೋಗುತ್ತದೆ. ನಿನ್ನ ಮಗಳ ಮಾತು ಕೇಳಿ ಮೇಡಂ ಒಂದು ಬದಲಾವಣೆ ಹೇಳಿದ್ದಾರೆ. ಒಂದೊಂದು ಡಬ್ಬದಲ್ಲೂ ಇನ್ನು ಮೇಲೆ ಎರಡು ಗಾಳ. ಮೊದಲ ಡಬ್ಬ ನಿಮ್ಮ ಮನೆಗೇ."

ನಾನು ಸ್ಪೀಕರ್ ಹಾಕಿದ್ದೆ. ಮಗಳು ಚಪ್ಪಾಳೆ ತಟ್ಟಿದಳು. ಸೋಫಾದಿಂದ ಅತ್ತೆ ತಲೆಯಾಡಿಸಿದರು.

"ಎರಡಾ? ಒಳ್ಳೆಯದಾಯಿತು. ಬಾ ಪಾಪ, ತನ್ನದೇ ಒಂದು ಬೇಕು ಅಂತ ಎಷ್ಟು ದಿನದಿಂದ ಕೈಸನ್ನೆ ಮಾಡುತ್ತಿದ್ದರು."