ಹಾಲು ಕೊಡದ ಹಸಿರು ಡಬ್ಬಿಗೆ

ಮಾನ್ಯ ಹಸಿರು ಡಬ್ಬಿಯವರೇ,

ನಮ್ಮ ಜಗಲಿಯ ಮೇಲೆ, ತುಳಸಿ ಕುಂಡಕ್ಕಿಂತ ಒಂದು ಗೇಣು ಮುಂದೆ ವಿರಾಜಮಾನರಾಗಿರುವ ತಮಗೆ ಹೊಂಗೇಮರದ ಬೀದಿಯ ಶ್ಯಾಮಲಮ್ಮ ಮಾಡುವ ಅನಂತ ನಮಸ್ಕಾರಗಳು. ತಮ್ಮ ಮುಚ್ಚಳ ಕ್ಷೇಮವೆಂದೂ, ಹಿಡಿ ಇನ್ನೂ ಕಿತ್ತುಬಂದಿಲ್ಲವೆಂದೂ ನಂಬಿದ್ದೇನೆ. ಕಿತ್ತುಬಂದಿದ್ದರೂ ತಾವು ಬಾಯಿಬಿಟ್ಟು ಹೇಳುವವರಲ್ಲ. ಇಷ್ಟು ತಿಂದೂ ಇಷ್ಟು ಗಂಭೀರವಾಗಿ ಕೂತಿರುವವರನ್ನು ನಾನು ನೋಡಿರುವುದು ಮದುವೆ ಮನೆಯಲ್ಲಿ, ಗಂಡಿನ ಕಡೆಯವರಲ್ಲಿ ಮಾತ್ರ.

ತಮ್ಮ ಆಗಮನವನ್ನು ಈ ಬೀದಿ ಮರೆತಿಲ್ಲ. ಆರೋಗ್ಯ ನಿರೀಕ್ಷಕರಾದ ಮುರಳಿಮೋಹನ್ ಅವರು ತಮ್ಮನ್ನೂ ತಮ್ಮ ಬಂಧುಗಳನ್ನೂ ಮನೆಮನೆಗೆ ಹಂಚಿ, ಹಸಿ ಕಸ ತಮಗೆ, ಒಣ ಕಸ ತಮ್ಮ ನೀಲಿ ಸಹೋದರರಿಗೆ ಎಂದು ಬುದ್ಧಿ ಹೇಳಿ, ನಮ್ಮನ್ನೆಲ್ಲ ತಮ್ಮ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಇಷ್ಟು ಹೊಳೆಯುವ, ಇಷ್ಟು ಗಟ್ಟಿ ಮುಚ್ಚಳದ ಪಾತ್ರೆಗೆ ಕಸ ಹಾಕಲು ಎದುರುಮನೆಯ ಅಂಜಮ್ಮನಿಗೆ ಮನಸ್ಸೇ ಬರಲಿಲ್ಲ. ಆಗಷ್ಟೇ ಮಿಲ್ಲಿನಿಂದ ತಂದ ರಾಗಿ ಹಿಟ್ಟನ್ನು ಅದಕ್ಕೆ ತುಂಬಿ, ಬಿಸಿ ಆರಲಿ ಎಂದು ಮುಚ್ಚಳ ತೆರೆದು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಹಾಡು ಹಾಕಿಕೊಂಡು ಬಂದ ಕಸದ ಆಟೋದ ವೆಂಕಟ್ ಪರಮ ಕರ್ತವ್ಯನಿಷ್ಠೆಯಿಂದ ಅದಷ್ಟನ್ನೂ ಆಟೋಗೆ ಸುರಿದುಕೊಂಡು ಹೊರಟೇಬಿಟ್ಟ. “ಅಯ್ಯೋ ದೇವುಡಾ, ನನ್ನ ರಾಗಿಟ್ಟು ಕಣೋ!” ಎಂದು ಅಂಜಮ್ಮ ಹಿಂದೆ ಓಡಿದ್ದು ಸ್ವಚ್ಛತೆಯ ಹಾಡಿನ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ. ತಮ್ಮ ಕುಲದವರ ಹೊಟ್ಟೆಯ ಬಗ್ಗೆ ನಮಗೆ ಭಯಭಕ್ತಿ ಹುಟ್ಟಿದ್ದು ಅವತ್ತಿನಿಂದ.

ತಮಗಿಂತ ಮುಂಚೆ ಈ ಹುದ್ದೆಯಲ್ಲಿದ್ದವಳು ಮೂಲೆಮನೆಯ ಮುನ್ನೀ ಬೀ ಅವರ ಎಮ್ಮೆ, ಶಹಜಾದಿ. ತಮ್ಮಂತೆ ಸ್ವಚ್ಛತೆಯ ಘೋಷಣೆಗಳ ಬರಹ ಅವಳ ಮೈಮೇಲೆ ಇರಲಿಲ್ಲ, ಬರೀ ಕಪ್ಪು. ಬೀದಿಯ ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಮಿಕ್ಕ ಮುದ್ದೆ, ರಾಯಲ್ಪಾಡಿನ ಕಡೆಯಿಂದ ಮಾವು ಬರುವ ಕಾಲದಲ್ಲಿ ಹಣ್ಣಿನ ಸಿಪ್ಪೆ, ಎಲ್ಲವೂ ಕಲಗಚ್ಚಿನ ಬಕೆಟ್ಟಿಗೆ ಬೀಳುತ್ತಿತ್ತು. ಸಂಜೆ ಮುನ್ನೀ ಬೀ ಬಂದು ಅದನ್ನು ಹೊತ್ತೊಯ್ಯುತ್ತಿದ್ದರು, ಬೆಳಿಗ್ಗೆ ಅದು ಹಾಲಾಗಿ ನಮ್ಮ ಬಾಗಿಲಿಗೆ ಬರುತ್ತಿತ್ತು. ನಮ್ಮ ಕಾಫಿ, ಅಂಜಮ್ಮನ ಮೊಮ್ಮಕ್ಕಳ ಮೊಸರನ್ನ, ಗಂಡ ತೀರಿಹೋದ ಮೇಲೆ ಮುನ್ನೀ ಬೀ ಅವರ ಮನೆಯ ಒಲೆ, ಮಗಳು ಮುಬಶ್ಶಿರಾಳ ಕಾಲೇಜು, ಎಲ್ಲವೂ ಆ ಒಂದು ಕೆಚ್ಚಲನ್ನು ನಂಬಿಕೊಂಡು ನಡೆಯುತ್ತಿದ್ದವು.

ಇದು ಅನಾಗರಿಕ ಪದ್ಧತಿಯೆಂದು ನಮಗೆ ತಿಳಿಸಿಕೊಟ್ಟವರೂ ಮುರಳಿಮೋಹನ್ ಅವರೇ. ಬೀದಿ ಬೀದಿಯ ಹಸಿ ಕಸದ ತೂಕವನ್ನು ಮೇಲಿನವರಿಗೆ ತೋರಿಸಬೇಕಂತೆ; ಎಮ್ಮೆ ತಿಂದದ್ದು ಯಾವ ತೂಕಕ್ಕೂ ಬರುವುದಿಲ್ಲವಂತೆ. ಇನ್ನು ಮುಂದೆ ಕಲಗಚ್ಚು ಕೊಟ್ಟವರಿಗೆ ದಂಡ ಎಂದರು, ನಾವು ಹೆದರಿ ಎಲ್ಲವನ್ನೂ ತಮಗೆ ನೈವೇದ್ಯ ಮಾಡಿದೆವು. ಮುನ್ನೀ ಬೀ ಖಾಲಿ ಬಕೆಟ್ ಹಿಡಿದು ನಿಂತು, “ಅಕ್ಕಾ, ನಮ್ದು ಎಮ್ಮೆ ಬಾಯಿಂದ ಕಿತ್ತು ಆ ಡಬ್ಬಿ ಬಾಯಿಗೆ ಹಾಕ್ಬಿಟ್ರಲ್ಲ” ಎಂದರು. ಇದಕ್ಕೆ ತಮ್ಮ ಹತ್ತಿರ ಉತ್ತರವಿದ್ದರೆ ದಯವಿಟ್ಟು ತಿಳಿಸುವುದು.

ಮಹನೀಯರೇ, ತಾವು ಉಂಡಿರುವುದು ಕಡಿಮೆಯೇನಲ್ಲ. ಬದನೆಕಾಯಿ ತೊಟ್ಟಿನಿಂದ ಹಿಡಿದು ಹಬ್ಬದ ಹೋಳಿಗೆಯ ಸೀದ ಅಂಚಿನವರೆಗೆ ಎಲ್ಲವನ್ನೂ ಬೇಡವೆನ್ನದೆ ಸ್ವೀಕರಿಸಿದ್ದೀರಿ. ಆದರೂ ಇಲ್ಲಿಯವರೆಗೆ ಒಂದು ಲೋಟ ಹಾಲು ಕರೆದಿಲ್ಲ, ಬಾಗಿಲು ಸಾರಿಸಲು ಒಂದು ಹಿಡಿ ಸಗಣಿಯನ್ನೂ ಹಾಕಿಲ್ಲ. ಬದಲಿಗೆ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಾದ ಒಂದು ಸುವಾಸನೆಯನ್ನು ಮಾತ್ರ ಉದಾರವಾಗಿ ದಯಪಾಲಿಸುತ್ತಿದ್ದೀರಿ. ತಾವು ಗಬ್ಬವಾಗುವುದು ಯಾವ ತಿಂಗಳಲ್ಲಿ, ಕರು ಹಾಕುವುದು ಯಾವಾಗ ಎಂಬುದನ್ನು ಮೊದಲೇ ತಿಳಿಸಿದರೆ ಬಾಣಂತನಕ್ಕೆ ಏರ್ಪಾಟು ಮಾಡಿಕೊಳ್ಳುತ್ತೇವೆ.

ಇನ್ನು ನಾನು ನಗೆಯಾಡದೆ ಹೇಳಬೇಕಾದ ಮಾತಿಗೆ ಬರುತ್ತೇನೆ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಮಡಿಯಿಂದ ವಿಂಗಡಿಸಿ ನಾವು ಇಟ್ಟದ್ದನ್ನು ವೆಂಕಟ್ ಒಂದೇ ಆಟೋದ ಒಂದೇ ಹೊಟ್ಟೆಗೆ ಸುರಿದುಕೊಳ್ಳುತ್ತಿದ್ದ. ಕೇಳಿದರೆ, “ಗಾಡಿ ಒಂದೇ ಕಣಮ್ಮಾ, ನಾನೇನ್ ಮಾಡ್ಲಿ” ಎನ್ನುತ್ತಿದ್ದ. ಅವನ ಮಾತೂ ಸುಳ್ಳಲ್ಲ. ಅದೆಲ್ಲ ಕೆರೆ ಕಟ್ಟೆಯ ಕೆಳಗೆ ಗುಡ್ಡೆಯಾಗುತ್ತಿತ್ತು. ಹಸಿದ ಶಹಜಾದಿ ಒಂದು ದಿನ ಹಗ್ಗ ಕಿತ್ತುಕೊಂಡು ಅಲ್ಲಿಗೇ ಹೋದಳು. ಮಾವಿನ ಸಿಪ್ಪೆಯ ವಾಸನೆ ಅವಳಿಗೆ ಗೊತ್ತಿಲ್ಲದ್ದೇ? ಅದನ್ನು ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಕವರುಗಳನ್ನೂ ಸೇರಿಸಿ ತಿಂದಳು. ಹೊಟ್ಟೆ ಉಬ್ಬಿತು, ಮೆಲುಕು ನಿಂತಿತು. ದನದ ಡಾಕ್ಟ್ರು ಹೊಟ್ಟೆ ಕೊಯ್ದು ಕವರಿನ ಮುದ್ದೆಗಳನ್ನು ಎಳೆದೆಳೆದು ಹಾಕುತ್ತಿದ್ದಾಗ ಮುಬಶ್ಶಿರಾ ಶಹಜಾದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿದುಹೋಯಿತು. ಬಕೆಟ್ಟಿನಲ್ಲಿ ಅವಳ ಬಾಯಿಗೆ ಹೋಗಬೇಕಾಗಿದ್ದ ಸಿಪ್ಪೆಯನ್ನೇ ನಾವು ತಮ್ಮ ಮೂಲಕ ಕಳಿಸಿ, ಊರು ಸುತ್ತಿಸಿ, ವಿಷ ಬೆರೆಸಿ ಬಡಿಸಿದ್ದೆವು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ನಿಜವಾಗಿಯೂ ಶಹಜಾದಿಯ ಹುದ್ದೆಗೆ ಅರ್ಹರಾದರೆ ನಾಳೆ ಬೆಳಿಗ್ಗೆ ಮುನ್ನೀ ಬೀ ಅವರ ಕೊಟ್ಟಿಗೆಯಲ್ಲಿ ನಿಂತು, ಒದೆಯದೆ, ಹಾಲು ಕರೆಸಿಕೊಳ್ಳತಕ್ಕದ್ದು. ಅದು ಆಗದಿದ್ದಲ್ಲಿ ಮೆಲುಕು ಹಾಕುವುದನ್ನಾದರೂ ಕಲಿಯತಕ್ಕದ್ದು. ಅದೂ ಆಗದಿದ್ದಲ್ಲಿ, ಮೊನ್ನೆ ನಾನು, ಅಂಜಮ್ಮ ಮತ್ತು ಬೀದಿಯ ಉಳಿದ ಹೆಂಗಸರು ಸೇರಿ ಮಾಡಿದ ನಿರ್ಧಾರಕ್ಕೆ ತಾವು ಎಂದಿನ ಗಾಂಭೀರ್ಯದಿಂದ ಸಮ್ಮತಿಸಬೇಕು: ಹಸಿ ಕಸ ಇನ್ನು ಆಟೋಗೆ ಹೋಗುವುದಿಲ್ಲ, ಮುನ್ನೀ ಬೀ ಅವರ ಬಕೆಟ್ಟಿಗೆ ಹೋಗುತ್ತದೆ. ದಂಡ ಹಾಕುವವರು ಬರಲಿ, ಜಗಲಿಯ ಮೇಲೆ ಕೂರಿಸಿ ಕರಿ ಕಾಫಿ ಕೊಡುತ್ತೇವೆ. ಹಾಲು ಎಲ್ಲಿ ಎಂದು ಕೇಳಿದರೆ ತಮ್ಮ ಕಡೆಗೆ ಬೆರಳು ತೋರಿಸುತ್ತೇವೆ.

ಇಂತಿ, ಇಷ್ಟು ದಿನ ತಮಗೆ ತಪ್ಪದೆ ಉಣಬಡಿಸಿದ,
ತಮ್ಮ ವಿಶ್ವಾಸಿ,
ಶ್ಯಾಮಲಮ್ಮ

ತಾ.ಕ.: ಮೇಲಿನದನ್ನು ಬರೆದಿಟ್ಟು ಕೆಲವು ವಾರಗಳಾದವು. ಶಹಜಾದಿ ಮತ್ತೆ ಮೆಲುಕು ಹಾಕುತ್ತಿದ್ದಾಳೆ. ಹಾಲು ಇನ್ನೂ ಅರ್ಧಕ್ಕೂ ಬಂದಿಲ್ಲ, ಆದರೆ ಮುನ್ನೀ ಬೀ ಮತ್ತೆ ಚೊಂಬು ಹಿಡಿದು ಬಾಗಿಲಿಗೆ ಬರುತ್ತಿದ್ದಾರೆ. ಹಳೆಯ ಬಕೆಟ್ ತೂತಾಗಿದ್ದರಿಂದ ತಮ್ಮನ್ನೇ ಅವರಿಗೆ ಕೊಟ್ಟಿದ್ದು ತಮಗೆ ನೆನಪಿರಬಹುದು. ನಿನ್ನೆ ಬೀದಿಯ ಹಸಿ ಕಸದ ತೂಕ ಏಕೆ ಇಳಿದಿದೆ ಎಂದು ವಿಚಾರಿಸಲು ಬಂದ ಮುರಳಿಮೋಹನ್ ಅವರು ಕೊಟ್ಟಿಗೆಗೆ ಇಣುಕಿದಾಗ, ಶಹಜಾದಿಯ ಮೂತಿ ತಮ್ಮೊಳಗೆ ಕಣ್ಣಿನವರೆಗೂ ಮುಳುಗಿತ್ತು. ಹಸಿ ಕಸ ಹಸಿರು ಡಬ್ಬಿಯಲ್ಲೇ ಇದೆಯಲ್ಲ ಎಂದು ಅವರು ಸಮಾಧಾನಪಟ್ಟು ಫೋಟೋ ತೆಗೆದುಕೊಂಡು ಹೋದರು. ಫೋಟೋದಲ್ಲಿ ತಾವು ಬಹಳ ಚೆನ್ನಾಗಿ ಬಂದಿದ್ದೀರಿ. ಎಮ್ಮೆಯನ್ನು ಮಾತ್ರ ಅದರಿಂದ ಕತ್ತರಿಸಿ ತೆಗೆದು, ಫೋಟೋವನ್ನು ಮೇಲಿನವರಿಗೆ ಕಳಿಸಿದರಂತೆ.